ತುದಿ ಕಟ್ಟದ ನೂಲು

ನಾಯಿಯ ಕೂದಲನ್ನೂ ನೂಲಬಹುದು ಎಂದು ಮಧುರಾಗೆ ಹೊಳೆದದ್ದು ಅತ್ತೆ ಸೀತಮ್ಮನ ತಕಲಿಯನ್ನು ದಿನಾ ನೋಡಿ ನೋಡಿ. ಮಂಚಿಕೇರಿಯ ಆ ಮನೆಗೆ ಪೇಟೆಯ ಜನಿವಾರ ಬಂದದ್ದೇ ಇಲ್ಲ. ನೂಲುಹುಣ್ಣಿಮೆಗೆ ಬೇಕಾದಷ್ಟನ್ನು ಸೀತಮ್ಮ ವರ್ಷವಿಡೀ ಹಿಂಬದಿಯ ಜಗಲಿಯಲ್ಲಿ ಕೂತು ಹತ್ತಿಯ ಹಂಜಿಯಿಂದ ಎಳೆದು ತೆಗೆಯುತ್ತಿದ್ದರು. ಮಧುರಾ ಯಲ್ಲಾಪುರದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು, ಏನನ್ನೂ ಎಸೆಯುವ ಜಾತಿಯಲ್ಲ. ಅವಳ ನಾಯಿ ಜೂಲ ಮುಂಡಗೋಡದ ಟಿಬೆಟನ್ ಕ್ಯಾಂಪಿನಿಂದ ಮರಿಯಾಗಿ ಬಂದದ್ದು. ಬೂದು ಬಣ್ಣ, ಕಣ್ಣು ಮುಚ್ಚುವಷ್ಟು ಕೂದಲು. ಬಾಚಿದಾಗ ಉದುರಿದ್ದನ್ನೆಲ್ಲ ಅವಳು ತೊಳೆದು, ಒಣಗಿಸಿ, ದಿಂಬಿನ ಚೀಲದಲ್ಲಿ ತುಂಬಿಟ್ಟಿದ್ದಳು. ಅಟ್ಟದಿಂದ ಹಳೆಯ ತಕಲಿಯೊಂದನ್ನು ಇಳಿಸಿಕೊಂಡು ಅವಳೂ ಒಂದು ಸಂಜೆ ಅತ್ತೆಯ ಪಕ್ಕ ಕೂತಳು.

"ನಾಯಿ ರೋಮ ನೂಲದು ಎಂತಕ್ಕೆ ಹೇಳಿ ಯಾರಾರೂ ಕೇಳಿದ್ರೆ ಆನು ಎಂತ ಹೇಳವು?"

"ಬಯಾಲಜಿ ಹೇಳಿ ಅತ್ತೆ."

"ಹಂಗಾರೆ ನಿನ್ನ ಬಯಾಲಜಿ ಆಚೆ ಸರಿಸ್ಕ. ಯನ್ನ ಹಂಜಿಗೆ ತಾಗಡ."

ಹೀಗೆ ಬೈಯುತ್ತಲೇ ಸೀತಮ್ಮ ಕಲಿಸಿದರು. ಕೂದಲು ಜಾರುತ್ತದೆ, ಹತ್ತಿಗಿಂತ ಹೆಚ್ಚು ತಿರುವು ಬೇಕು. ಇನ್ನೊಂದು, ಏಳುವ ಮೊದಲು ನೂಲಿನ ತುದಿಯನ್ನು ತಕಲಿಯ ಕೊಕ್ಕೆಗೆ ಕಟ್ಟಲೇಬೇಕು. ಬಿಟ್ಟರೆ ತಿರುವು ಬಿಚ್ಚಿಹೋಗುತ್ತದೆ ಎಂದು ಮಧುರಾ ತನಗೆ ತಾನೇ ಕಾರಣ ಕೊಟ್ಟುಕೊಂಡಳು. ಸೀತಮ್ಮ ಯಾವ ಕಾರಣವನ್ನೂ ಕೊಡಲಿಲ್ಲ. "ತುದಿ ಕಟ್ಟದ್ದೆ ಏಳಡ ಕೂಸೆ" ಎಂದರು, ಅಷ್ಟೆ.

ನೂತದ್ದನ್ನು ಹಾಗೇ ಸ್ವೆಟರ್ ಕಡ್ಡಿಗೆ ಏರಿಸಿ ಅವಳು ಶಾಲೊಂದನ್ನು ಹೆಣೆಯತೊಡಗಿದಳು. ನೂಲಿನ ಉಂಡೆಯ ಮೇಲೆ ಗದ್ದವಿಟ್ಟು ಜೂಲ ಮಲಗಿರುತ್ತಿತ್ತು. ಮುಸ್ಸಂಜೆ ಹೊರಗೆ ಹೋಗಿ ಬಂದರೆ ಹಿಂಬಾಗಿಲನ್ನು ಕೆರೆಯುತ್ತಿತ್ತು: ಎರಡು ಸಲ ಬೇಗಬೇಗ, ಸ್ವಲ್ಪ ತಡೆದು ಇನ್ನೊಂದು ಸಲ. ಹೊರಗೆ ಹೋಗಬೇಕಾದಾಗಲೂ ಒಳಗಿನಿಂದ ಹಾಗೇ. ಬಾಗಿಲ ಎರಡೂ ಮೈಯಲ್ಲಿ ಮೊಣಕಾಲೆತ್ತರಕ್ಕೆ ಗೀರುಗಳು ಬಿದ್ದಿದ್ದವು.

ಎರಡು ಸಾವಿರದ ಒಂದರ ದೀಪಾವಳಿ ಮುಗಿದ ಮರುವಾರ. ಅವಳು ನೂಲುತ್ತಿದ್ದಾಗ ಫೋನು ಬಡಿದುಕೊಂಡಿತು. ಗಂಡ ರಘುಪತಿ ಶಿರಸಿಯ ಕೆಲಸದ ಜಾಗದಿಂದ ಮಾಡಿದ್ದು. ಈ ಶನಿವಾರ ಬರಲಾಗುವುದಿಲ್ಲವಂತೆ. ತಕಲಿಯನ್ನು ಹಾಗೇ ಜಗಲಿಯಲ್ಲಿ ಬಿಟ್ಟು ಓಡಿದ್ದಳು. ಅತ್ತೆ ದೇವರಿಗೆ ದೀಪ ಹಚ್ಚಲು ಹೋಗಿದ್ದರು. ಮಾತು ಮುಗಿಸಿ ಬಂದರೆ ನೂಲಿನ ತುದಿ ಗಾಳಿಗೆ ಆಡುತ್ತಿತ್ತು. ಉಂಡೆಯ ಹತ್ತಿರ ಜೂಲ ಇರಲಿಲ್ಲ.

ಬೆಳಿಗ್ಗೆ ನೆರೆಯ ಗದ್ದೆಯ ಕೆರಿಯಪ್ಪ ಜೂಲನ ಕೊರಳಪಟ್ಟಿ ತಂದುಕೊಟ್ಟ. ಬೆಟ್ಟದ ಏರಿನಲ್ಲಿ ಎಳೆದುಕೊಂಡು ಹೋದ ಗುರುತಿತ್ತಂತೆ.

"ಕುರ್ಕದ್ದೇ ಕೆಲ್ಸ ಅಮ್ಮ," ಎಂದ. ಕುರ್ಕವೆಂದರೆ ಈ ಕಡೆ ಚಿರತೆ. "ದನ ಕಾಯೋ ಹುಲಿಯಪ್ಪ ದೇವ್ರಿಗೆ ಹಬ್ಬದಲ್ಲಿ ದನದ ಹೆಸ್ರಲ್ಲಿ ಕಾಯಿ ಒಡಸಿದ್ರಿ. ಪಾಪ, ನಾಯಿ ಹೆಸ್ರು ಯಾರೂ ಹೇಳ್ಲಿಲ್ಲ."

"ಸಾಕು ಕೆರಿಯಪ್ಪ. ಮೈ ಸಿಕ್ಕಿದ್ದಿಲ್ಲೆ. ಎಲ್ಲೋ ಹೆದ್ರಿ ಅಡಗಿಕೂತಿರ್ತು," ಎಂದಳು ಮಧುರಾ. ಕಾಣದ್ದನ್ನು ಸತ್ತಿತೆಂದು ಬರೆದುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ.

ಮೂರನೆಯ ಸಂಜೆ ಹಿಂಬಾಗಿಲು ಕೆರೆದ ಸದ್ದಾಯಿತು. ಎರಡು, ತಡೆದು ಒಂದು. ಬಿದ್ದೆನೋ ಎದ್ದೆನೋ ಎಂದು ಹೋಗಿ ತೆರೆದಳು. ಯಾರೂ ಇಲ್ಲ. ಹೊಸ್ತಿಲ ಮೇಲೆ ಬೂದು ಕೂದಲಿನ ಸಣ್ಣ ಸಿಕ್ಕು.

ಮಾರನೆಯ ದಿನ ಅದನ್ನು ಕಾಲೇಜಿನ ಸೂಕ್ಷ್ಮದರ್ಶಕದಡಿ ಇಟ್ಟಳು. ನಾಯಿಯ ಕೂದಲ ಬೇರು ಪುಟ್ಟ ಸಲಿಕೆಯಂತಿರುತ್ತದೆ. ಇದೂ ಹಾಗೇ ಇತ್ತು. ಬೇರಿನ ಸುತ್ತಲಿನ ಪೊರೆ ಇನ್ನೂ ಹಸಿ. ಜೀವವಿರುವ ಮೈಯಿಂದ ಈಗಷ್ಟೇ ಬಿದ್ದದ್ದು. ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಯ ಕಡೆ ಮುಖ ಮಾಡಿ ನಗುತ್ತಲೇ ಇದ್ದಳು. ಅಂದು ಆ ಸಿಕ್ಕನ್ನು ಬಿಡಿಸಿ, ತೆರೆದೇ ಇದ್ದ ತುದಿಗೆ ಕೂಡಿಸಿ ನೂತಳು.

ಆಮೇಲೆ ಸಂಜೆ ಸಂಜೆಗೂ ಅದೇ. ಕೆರೆತ, ಖಾಲಿ ಅಂಗಳ, ಹೊಸ್ತಿಲ ಮೇಲೆ ಕೂದಲು. ಅವಳು ಬಾಗಿಲು ತೆರೆದು ಹೆಸರು ಹಿಡಿದು ಕರೆಯುವಳು. ಉತ್ತರವಿಲ್ಲದಿದ್ದರೆ ಕೂದಲನ್ನು ಆಯ್ದು ತಂದು ನೂಲುವಳು. ಶಾಲು ಬೆಳೆಯಿತು. ಜೂಲ ಮಲಗುತ್ತಿದ್ದ ಚಾಪೆಯ ಮೇಲೆ ಅದನ್ನು ಮಡಿಸಿಡುತ್ತಿದ್ದಳು. ಎತ್ತುವಾಗೆಲ್ಲ ಅಡಿಯ ಚಾಪೆ ಬೆಚ್ಚಗಿರುತ್ತಿತ್ತು. ಉಣ್ಣೆ ಬಿಸಿ ಹಿಡಿದಿಡುತ್ತದೆ ಎಂದುಕೊಂಡಳು. ಯಾರ ಮೈಯ ಬಿಸಿ ಎಂದು ಕೇಳಿಕೊಳ್ಳಲಿಲ್ಲ.

ಒಂದು ಭಾನುವಾರ ಬಿಸಿಲಿಗೆ ಶಾಲು ಹರಡಿದಾಗ, ಈಚೆಗೆ ಹೆಣೆದ ಅಂಚಿನಲ್ಲಿ ಹಳದಿ ಮಿಂಚು ಕಂಡಿತು. ಮೊದಲು ಅಲ್ಲೊಂದು ಇಲ್ಲೊಂದು, ಕೊನೆಯ ಸಾಲುಗಳಲ್ಲಿ ಬೂದಿಗಿಂತ ಹಳದಿಯೇ ಹೆಚ್ಚು. ಹಿಂದಿನ ಸಂಜೆ ಸಿಕ್ಕಿದ ಕೂದಲು ಇನ್ನೂ ನೂಲದೆ ಉಳಿದಿತ್ತು. ಅದನ್ನು ಸೋಮವಾರ ಗಾಜಿನಡಿ ಇಟ್ಟು ನೋಡಿದಳು. ಹಳದಿ ಎಳೆ, ಕಪ್ಪು ತುದಿ. ಬೇರು ಸಲಿಕೆಯಂತಿರಲಿಲ್ಲ. ಉದ್ದಕ್ಕೆ ಎಳೆದು ಹರಿದ ನಾರಿನಂತಿತ್ತು. ಬೆಕ್ಕಿನ ಜಾತಿಯದು. ಊರ ಬೆಕ್ಕಿಗೆ ಅಷ್ಟು ದಪ್ಪ ಕೂದಲಿರುವುದಿಲ್ಲ.

ಇಷ್ಟು ಸಂಜೆಯೂ ತಾನು ಯಾವುದಕ್ಕೆ ಬಾಗಿಲು ತೆರೆದು, ಮುದ್ದಿನ ಹೆಸರು ಹಿಡಿದು ಕರೆಯುತ್ತಿದ್ದೆ ಎಂದು ಅವಳಿಗೆ ಆಗ ತಿಳಿಯಿತು.

ಮನೆಗೆ ಬಂದವಳೇ ಹಿಂಬಾಗಿಲಿನ ಅಗುಳಿ ಹಾಕಿದಳು. ಸೀತಮ್ಮ ಆ ಹೊತ್ತಿಗೆ ತಮ್ಮ ತಕಲಿಯನ್ನು ಒಳಗೇ ತಂದುಕೊಂಡಿದ್ದರು.

"ಗೊತ್ತಾತ?" ಎಂದರು.

"ಕೂದ್ಲು ಕುರ್ಕದ್ದು. ಆದ್ರೆ ಕೆರೆಯದು ಜೂಲನ ಹಂಗೇಯ, ಅತ್ತೆ. ಅದಕ್ಕೆ ಹೆಂಗೆ ಗೊತ್ತು?"

"ತಿಂದದ್ದಕ್ಕೆ ಗೊತ್ತಿರ್ತಿಲ್ಯ?" ಸೀತಮ್ಮ ನೂಲುವುದನ್ನು ನಿಲ್ಲಿಸಲಿಲ್ಲ. "ಅದು ನಿನ್ನ ಕರೆತಾ ಇಲ್ಲೆ ಕೂಸೆ. ಜೂಲಂದು ಉಳಿದದ್ದು ಇಲ್ಲೇ ಇದ್ದಲೆ, ಅದನ್ನ ಕರೆತು. ನೀನು ತುದಿ ಬಿಟ್ಟಿಕ್ಕಿ, ದಿನಾ ಎಳೆ ಕೂಡಿಸಿ ಕೂಡಿಸಿ ಇಲ್ಲೇ ಹಿಡ್ಕಂಡು ಕೂತಿದ್ದೆ."

"ತುದಿ ಕಟ್ಟಿದ್ರೆ ಜೂಲ ಹೋಗ್ಬಿಡ್ತು."

"ಹೌದು. ಹೋಗ್ತು."

ಮಧುರಾ ಶಾಲನ್ನು ಮಡಿಲಿಗೆ ಎಳೆದುಕೊಂಡಳು. ಒದ್ದೆ ನಾಯಿಯ ವಾಸನೆ ಮೂಗಿಗೆ ತುಂಬಿತು. ಕಿಟಕಿಯಾಚೆ ಬೆಳಕು ತೆಳುವಾಗುತ್ತಿತ್ತು. ಬಹಳ ಹೊತ್ತಿನ ಮೇಲೆ ಅವಳು ಕಡ್ಡಿ ಹಿಡಿದಳು. ಒಂದೊಂದೇ ಕುಣಿಕೆಯನ್ನು ಪಕ್ಕದ್ದರ ಮೇಲೆ ದಾಟಿಸಿ ಮುಚ್ಚುತ್ತ ಬಂದಳು. ಕೊನೆಯದರೊಳಗೆ ನೂಲನ್ನು ತೂರಿಸಿ, ಎಳೆದು, ಗಂಟು ಹಾಕಿ, ಕತ್ತರಿಸಿದಳು.

ಹೊರಗೆ ಕೆರೆತ ಕೇಳಿತು. ಎರಡು. ತಡೆದು ಒಂದು.

ಆಗ ಒಳಗಿನಿಂದ, ಬಾಗಿಲ ಈಚೆ ಮೈಯಿಂದಲೇ ಉತ್ತರ ಬಂತು. ಎರಡು. ತಡೆದು ಒಂದು. ಬಾಗಿಲ ಬುಡದಲ್ಲಿ ಏನೂ ಇರಲಿಲ್ಲ. ಮೊಣಕಾಲೆತ್ತರದ ಹಳೆಯ ಗೀರುಗಳಿಂದ ಮಾತ್ರ ಮರದ ಪುಡಿ ಸಣ್ಣಗೆ ಉದುರುತ್ತಿತ್ತು.

"ಹೋಗ್ಲಿ, ತಡೆಯಡ," ಎಂದರು ಸೀತಮ್ಮ. ಮೊದಲ ಸಲ ಅವರ ತಕಲಿ ನಿಂತಿತ್ತು.

ಮಧುರಾ ಎದ್ದು, ಬಾಗಿಲ ಹಿಂದೆ ಸರಿದು ನಿಂತು ಅಗುಳಿ ತೆಗೆದಳು. ಮೊಣಕಾಲಿಗೆ ಬೆಚ್ಚನೆಯ ಕೂದಲು ಸವರಿಕೊಂಡು ಹೋಯಿತು. ಅಂಗಳದ ಕೊನೆಯಲ್ಲಿ ಯಾವುದೋ ಮೈ ಎದ್ದು ತಿರುಗಿತು. ಒಣಗಿದ ಎಲೆಗಳ ಸದ್ದು ಬೆಟ್ಟದ ಕಡೆ ಹೋಗುತ್ತ ಹೋಗುತ್ತ ನಿಂತಿತು.

"ಹೋತ?"

"ಹೋತು, ಅತ್ತೆ."

ಬೆಳಗಾದ ಮೇಲೆ ಅಂಗಳದ ಮಣ್ಣಿನಲ್ಲಿ ನೋಡಿದಳು. ಬಂದ ಹೆಜ್ಜೆ ಒಂದೇ ಪ್ರಾಣಿಯದು, ದುಂಡಗೆ ದೊಡ್ಡದು, ಉಗುರಿನ ಗುರುತಿಲ್ಲ. ಹೋದದ್ದರ ಪಕ್ಕದಲ್ಲಿ ಇನ್ನೊಂದಿತ್ತು, ಪುಟ್ಟದು. ನಾಯಿಯ ಹೆಜ್ಜೆಯ ಹಾಗೆ ಉಗುರು ಊರಿ ನಡೆದದ್ದು. ಕಾಲೇಜಿನಲ್ಲಿ ಪ್ಲಾಸ್ಟರಿನ ಪುಡಿಯಿತ್ತು. ನೀರಿನಲ್ಲಿ ಕಲಸಿ ಹೊಯ್ದರೆ ಹೆಜ್ಜೆಯ ಅಚ್ಚು ಸಿಗುತ್ತಿತ್ತು. ಮಧುರಾ ಸ್ವಲ್ಪ ಹೊತ್ತು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಆಮೇಲೆ ಒಳಗೆ ಹೋಗಿ ಸಗಣಿ ನೀರಿನ ಬಕೇಟು ತಂದು, ಮೆಟ್ಟಿಲಿನಿಂದ ಬೇಲಿಯವರೆಗೆ ಅಂಗಳವನ್ನೆಲ್ಲ ಸಾರಿಸಿಬಿಟ್ಟಳು.