ಬೆಣ್ಣೆ ಕೈ

"ಚೀಲ ಎತ್ತಿ ತೋರಿಸಿ ಅಮ್ಮಾ," ಎಂದಳು ಮೈದಾನದ ಗೇಟಿನಲ್ಲಿ ನಿಂತಿದ್ದ ಕಾವಲಿನ ಹೆಂಗಸು.

ವರ್ನೆಲ್ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ಮುಖದ ಎತ್ತರಕ್ಕೆ ಹಿಡಿದಳು. ಕರವಸ್ತ್ರ, ಗಾಡಿಯ ಬೀಗದ ಕೈ, ಗಂಡನ ರಕ್ತದೊತ್ತಡದ ಮಾತ್ರೆ. ಅಷ್ಟೇ ಇದ್ದದ್ದು. ಹಿಂದೆ ಮುಂದೆ ಎತ್ತ ನೋಡಿದರೂ ಆ ಊರ ತಂಡದ ಕಿತ್ತಳೆ ಬಣ್ಣ. ಕಿತ್ತಳೆ ಟೋಪಿ, ಕಿತ್ತಳೆ ಶಾಲು, ಅಪ್ಪನ ಹೆಗಲ ಮೇಲೆ ಕೂತ ಮಗುವಿನ ಕೆನ್ನೆಗೂ ಕಿತ್ತಳೆ. ನಡುವೆ ಎದುರಾಳಿ ತಂಡದ ಕಡುಗೆಂಪು ಅಂಗಿ ತೊಟ್ಟ ವರ್ನೆಲ್ ಮತ್ತು ಅವಳ ಗಂಡ ರಾಯ್ಸ್, ಬೇರೆಯವರ ಮದುವೆಗೆ ಬಂದವರ ಹಾಗೆ ಕಾಣುತ್ತಿದ್ದರು.

"ಏನಮ್ಮಾ, ದಾರಿ ತಪ್ಪಿ ಬಂದ್ರಾ?" ಎಂದು ಹಿಂದಿನಿಂದ ಒಬ್ಬ ಕೇಳಿದ. ತಲೆಗೆ ಕಿತ್ತಳೆ ಬಣ್ಣದ ಟೋಪನ್ ಹಾಕಿಕೊಂಡ ದಡೂತಿ ಮನುಷ್ಯ. "ಸೋಲೋಕೆ ಇಷ್ಟು ದೂರ ಬರಬೇಕಿತ್ತಾ? ಮನೇಲೇ ಕೂತು ಸೋಲಬೌದಿತ್ತಲ್ಲ."

ರಾಯ್ಸ್‌ನ ಕತ್ತು ಕೆಂಪಾಯಿತು. ವರ್ನೆಲ್ ಗಂಡನ ಮೊಣಕೈ ಹಿಡಿದುಕೊಂಡು ತಿರುಗಿ, "ನಿಮ್ಮೂರಲ್ಲಿ ಊಟ ಚೆನ್ನಾಗಿರತ್ತೆ ಅಂದ್ರು, ಅದಕ್ಕೆ ಬಂದ್ವಿ ಕಣಪ್ಪಾ," ಎಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಟೋಪನ್ನಿನವನು ತನ್ನ ಕೈಲಿದ್ದ ಬೇಯಿಸಿದ ಕಡಲೆಕಾಯಿಯ ಪೊಟ್ಟಣವನ್ನೇ ಅವಳ ಮುಂದೆ ಹಿಡಿದ. ಅವಳು ನಾಲ್ಕು ಕಾಯಿ ತೆಗೆದುಕೊಂಡಳು. ಇನ್ನೂ ಬಿಸಿಯಾಗಿದ್ದವು.

ಈ ಮಾತುಗಳೆಲ್ಲ ಅವಳಿಗೆ ಹೊಸವಲ್ಲ. ಮಗ ಟೋಬಿ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಸೇರಿದ ಮೇಲೆ, ತಂಡ ಆಡಲು ಹೋದ ಪರಊರುಗಳಿಗೆಲ್ಲ ಗಂಡಹೆಂಡಿರು ಪಿಕಪ್ ಗಾಡಿಯಲ್ಲಿ ಹಿಂದೆಯೇ ಹೋಗಿದ್ದರು. ತಮ್ಮೂರಿನ ಪಂದ್ಯಕ್ಕಿಂತ ಪರಊರಿನ ಪಂದ್ಯವೇ ಅವಳಿಗೆ ಇಷ್ಟ. ತಮ್ಮೂರಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಯಾರ ಚಪ್ಪಾಳೆ ಯಾರದೆಂದು ತಿಳಿಯುವುದಿಲ್ಲ. ಪರಊರಿನಲ್ಲಿ, ಮೇಲಿನ ಮೂಲೆಯಲ್ಲಿ, ಗಾಳಿ ಬಡಿಯುವ ಜಾಗದಲ್ಲಿ ಬಂದವರಿಗೆಂದು ಕೊಡುವ ಬೆಂಚುಗಳ ಮೇಲೆ ಹಿಡಿಯಷ್ಟು ಜನ ಕೂತಿರುವಾಗ, ಹೆಸರು ಗೊತ್ತಿಲ್ಲದವರೂ ಒಡಹುಟ್ಟಿದವರಂತಾಗಿಬಿಡುತ್ತಾರೆ. ಒಂದೇ ಕಂಬಳಿಯನ್ನು ಮೂವರು ಹೊದ್ದುಕೊಳ್ಳುತ್ತಾರೆ.

ಎರಡು ವರ್ಷದ ಹಿಂದೆ ಇದೇ ಮೈದಾನದಲ್ಲಿ ಅದು ನಡೆದಿತ್ತು. ದೂರದಿಂದ ಎಸೆದ ಚೆಂಡನ್ನು ಓಡುತ್ತಲೇ ಹಿಡಿಯುವುದು ಟೋಬಿಯ ಕೆಲಸ. ಪಂದ್ಯ ಮುಗಿಯಲು ಗಳಿಗೆಯಷ್ಟು ಉಳಿದಿರುವಾಗ ಚೆಂಡು ಅವನ ಎರಡೂ ಕೈಗೆ ಬಂತು. ಎದುರಿಗೆ ಯಾರೂ ಇರಲಿಲ್ಲ, ಗೆಲುವಿನ ಗೆರೆ ಕಾಲಳತೆಯಲ್ಲಿತ್ತು. ಚೆಂಡು ಜಾರಿತು. ಆಗ ಎದ್ದ ಸದ್ದು ವರ್ನೆಲ್‌ಳ ಎದೆಗೂಡಿನೊಳಗೇ ಎದ್ದಂತಿತ್ತು. ವಿದ್ಯಾರ್ಥಿಗಳು ಕೂರುವ ಕೆಳಗಿನ ಸಾಲುಗಳಿಂದ ಮೊದಲು ಒಬ್ಬ, ಆಮೇಲೆ ಹತ್ತು ಜನ, ಆಮೇಲೆ ಇಡೀ ಮೈದಾನ, "ಬೆಣ್ಣೆ ಕೈ! ಬೆಣ್ಣೆ ಕೈ!" ಎಂದು ಕೂಗತೊಡಗಿತು. ಯಾರೋ ಮೈದಾನದೊಳಗಿನ ತಿಂಡಿ ಅಂಗಡಿಗೆ ಓಡಿಹೋಗಿ ಬೆಣ್ಣೆಯ ಪೊಟ್ಟಣಗಳನ್ನು ತಂದರು. ಹಸಿರು ಹುಲ್ಲಿನ ಮೇಲೆ ಹಳದಿ ಪೊಟ್ಟಣಗಳು ಬಂದು ಬಿದ್ದವು. ಟೋಬಿ ತಲೆ ತಗ್ಗಿಸಿ ನಿಂತಿದ್ದ. ಅಷ್ಟು ಎತ್ತರದಿಂದ ಅವಳಿಗೆ ಕಂಡದ್ದು ಅಷ್ಟೇ. ನೋಡಲಾಗದೆ ಅವಳು ಎದ್ದು, ರಾಯ್ಸ್‌ನನ್ನೂ ಎಬ್ಬಿಸಿಕೊಂಡು ಹೊರಗೆ ನಡೆದಿದ್ದಳು.

ಆ ನವೆಂಬರ್ ಕೊನೆಯಲ್ಲಿ ಹಬ್ಬದ ಊಟಕ್ಕೆ ಅವನು ಮನೆಗೆ ಬಂದಾಗ ಅವಳು ಮೇಜಿನ ಮೇಲೆ ಬೆಣ್ಣೆ ಇಡಲಿಲ್ಲ. ಜೋಳದ ರೊಟ್ಟಿ ಮುರಿಯುತ್ತ ಅವನು, "ಅಮ್ಮಾ, ಬೆಣ್ಣೆ ಎಲ್ಲಿ?" ಎಂದ. "ತೀರಿಹೋಯ್ತು ಮಗಾ," ಎಂದಳು. ಅವನು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಮತ್ತೆ ಕೇಳಲಿಲ್ಲ. ಆ ಪಂದ್ಯದ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಈ ವರ್ಷ ಜೂನ್‌ನಲ್ಲಿ, ಊರ ಪಕ್ಕದ ಕೆರೆಯಲ್ಲಿ, ಗೆಳೆಯರ ಜೊತೆ ಈಜಲು ಹೋದವನು ತೇಲಿ ಬಂದ.

ಪಂದ್ಯ ಶುರುವಾಗುವ ಮೊದಲು ಟೋಬಿಗಾಗಿ ಮೈದಾನವೆಲ್ಲ ಮೌನ ಆಚರಿಸುತ್ತದೆ, ನೀವು ಬರಬೇಕು ಎಂದು ತಂಡದ ಕೋಚ್ ಫೋನು ಮಾಡಿದ್ದರು. ಆತಿಥೇಯರು ಮೇಲಿನ ಗಾಜಿನ ಕೋಣೆಯಲ್ಲಿ ಜಾಗ ಕೊಡುತ್ತಾರಂತೆ ಎಂದೂ ಹೇಳಿದ್ದರು. "ಗಾಜಿನೊಳಗೆ ಕೂರೋಕೆ ನಾವೇನು ಅಂಗಡಿ ಗೊಂಬೆನಾ?" ಎಂದಿದ್ದ ರಾಯ್ಸ್. ಹಾಗಾಗಿ ಅದೇ ಮೂಲೆ, ಅದೇ ಗಾಳಿ. ಮೆಟ್ಟಿಲು ಹತ್ತುವಾಗ ಕಡುಗೆಂಪು ಅಂಗಿಯವರು ಒಬ್ಬೊಬ್ಬರಾಗಿ ಎದ್ದು ದಾರಿ ಬಿಟ್ಟರು. ಒಬ್ಬಾಕೆ ವರ್ನೆಲ್‌ಳ ಬೆನ್ನು ಸವರಿದಳು.

ಮೈದಾನ ತುಂಬಿತ್ತು. ಎಂಬತ್ತು ಸಾವಿರ ಜನ ಕಾಲು ಕುಟ್ಟುತ್ತಿದ್ದರೆ ಕಾಂಕ್ರೀಟು ಅಂಗಾಲಿನಡಿ ನಡುಗುತ್ತಿತ್ತು. ಡೋಲುಗಳ ಸದ್ದಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ತಂಡಗಳು ಬಂದು ಗೆರೆಯ ಮೇಲೆ ಸಾಲಾಗಿ ನಿಂತವು. ಧ್ವನಿವರ್ಧಕದಲ್ಲಿ ಒಂದು ಗಂಭೀರ ಕಂಠ ಟೋಬಿಯಾಸ್ ಹ್ಯಾಡ್ಲಿ ಎಂಬ ಪೂರ್ತಿ ಹೆಸರನ್ನು ಹೇಳಿತು. ದೊಡ್ಡ ಪರದೆಯ ಮೇಲೆ ಫೋಟೊ ಬಂತು. ಟೈ ಕಟ್ಟಿ ತಲೆ ಬಾಚಿ ತೆಗೆಸಿದ ಫೋಟೊ. ಅವನು ಯಾವತ್ತೂ ಹಾಗಿರಲಿಲ್ಲ.

ಟೋಪಿಗಳು ಕೆಳಗಿಳಿದವು. ಸದ್ದು ನಿಂತಿತು.

ಅಷ್ಟು ಜನ ಒಟ್ಟಿಗೆ ಬಾಯಿ ಮುಚ್ಚಿದರೆ ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಧ್ವಜಸ್ತಂಭಕ್ಕೆ ಹಗ್ಗದ ಕೊಂಡಿ ಬಡಿಯುವ ಸದ್ದು ಕೇಳಿಸಿತು. ಎಲ್ಲೋ ಒಂದು ಕೂಸು ಕೆಮ್ಮಿತು. ಮುಖದ ಮೇಲೆ ಬಿಳಿಯ ಬಟ್ಟೆ ಎಳೆದಂತಿತ್ತು. ಇದು ಬೇಗ ಮುಗಿಯಲಿ ದೇವರೇ, ಯಾರಾದರೂ ಏನಾದರೂ ಅನ್ನಲಿ ಎಂದು ಅವಳು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬೆಣ್ಣೆ ಕೈ!"

ಕೆಳಗಿನಿಂದ, ವಿದ್ಯಾರ್ಥಿಗಳ ಸಾಲಿನಿಂದ, ಒಂದೇ ದನಿ. ಒಡೆದ ದನಿ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಸುತ್ತಲಿಂದ ಗುಜುಗುಜು ಎದ್ದಿತು, ಅದು ಬೈಗುಳವಾಯಿತು. "ಎಳೆದು ಆಚೆ ಹಾಕ್ರೋ ಅವನ್ನ," ಎಂದು ಕಿತ್ತಳೆಯವರೇ ಅರಚಿದರು. ಕಾವಲುಗಾರರು ಮೆಟ್ಟಿಲಿಳಿದು ಬರಿಮೈಯಲ್ಲಿದ್ದ ಒಬ್ಬನ ತೋಳು ಹಿಡಿದರು. ಕಂಬಿಯ ಆಚೆಗಿದ್ದ ಕಿತ್ತಳೆ ಶಾಲಿನ ಮುದುಕಿ ವರ್ನೆಲ್‌ಳ ಕಡೆ ಕೈಚಾಚಿ, "ತಪ್ಪು ತಿಳೀಬೇಡಿ ತಾಯಿ. ನಾವು ಅಂಥ ಜನ ಅಲ್ಲ," ಎಂದಳು. ಅವಳ ಕಣ್ಣು ತುಂಬಿತ್ತು.

ಆದರೆ ವರ್ನೆಲ್ ಕೆಳಗೇ ನೋಡುತ್ತಿದ್ದಳು. ಜೂನ್‌ನಿಂದ ಈಚೆಗೆ ಟೋಬಿಯ ಸುದ್ದಿ ಎತ್ತಿದವರೆಲ್ಲ ದನಿ ತಗ್ಗಿಸಿಯೇ ಎತ್ತಿದ್ದರು. ಪಾದ್ರಿ, ನೆರೆಯವರು, ಅಂಗಡಿಯವನು, ಅವಳ ಸ್ವಂತ ತಂಗಿ. ಅವನನ್ನು ಕೂಗಿ ಕರೆದವರು ಯಾರೂ ಇರಲಿಲ್ಲ.

ಅವಳು ಎದ್ದಳು.

"ಎಲ್ಲಿಗೆ?" ಎಂದ ರಾಯ್ಸ್. ಅವನ ಮುಷ್ಟಿ ಬಿಗಿದಿತ್ತು. "ನೀನು ಕೂತ್ಕೊ. ನಾನು ಹೋಗಿ ಅವನ ಹಲ್ಲು ಉದುರಿಸಿ ಬರ್ತೀನಿ."

"ಬಾ ಹಂಗಾದ್ರೆ," ಎಂದು ಅವಳು ಇಳಿದೇಬಿಟ್ಟಳು.

ಮೈದಾನದ ಅಡಿಯ ಓಣಿಯಲ್ಲಿ, ಸಾಸೇಜು ಸುಡುವ ಹೊಗೆಯ ನಡುವೆ, ಅವನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಇಪ್ಪತ್ತು ದಾಟಿದ ಪೀಚಲು ಹುಡುಗ. ಸೊಂಟದವರೆಗೆ ಕಿತ್ತಳೆ ಬಣ್ಣ ಬಳಿದುಕೊಂಡು, ಎದೆಯ ಮೇಲೆ ಬಿಳಿಯಲ್ಲಿ ಒಂದೇ ಒಂದು ಅಕ್ಷರ ಬರೆಸಿಕೊಂಡಿದ್ದ. ಒಳಗೆ ಸಾಲಿನಲ್ಲಿ ಅವನ ಪಕ್ಕ ನಿಂತಿದ್ದ ಗೆಳೆಯರ ಎದೆಯ ಮೇಲೆ ತಂಡದ ಹೆಸರಿನ ಉಳಿದ ಅಕ್ಷರಗಳಿದ್ದಿರಬೇಕು. ಒಂಟಿಯಾಗಿ ಅದಕ್ಕೆ ಅರ್ಥವಿರಲಿಲ್ಲ.

ವರ್ನೆಲ್‌ಳ ಅಂಗಿಯ ಮೇಲಿದ್ದ ಮಗನ ಹೆಸರು ಓದಿದ ಕಾವಲುಗಾರ ಟೋಪಿ ತೆಗೆದ. "ನೀವು ಇಲ್ಲಿಗೆ ಬರೋದು ಬೇಡಿತ್ತು ಅಮ್ಮಾ. ನಾವು ನೋಡ್ಕೊತೀವಿ."

"ಇವನ ಹತ್ರ ಮಾತಾಡ್ಬೇಕು."

ಹುಡುಗ ತಲೆ ಎತ್ತಲಿಲ್ಲ. ರಾಯ್ಸ್ ಅವನ ಮುಖಕ್ಕೆ ಮುಖ ತಂದು, "ನನ್ ಮಗ ಸತ್ತಿದಾನೆ ಕಣೋ. ಗೊತ್ತಾ ನಿಂಗೆ? ಸತ್ತಿದಾನೆ," ಎಂದ.

"ಗೊತ್ತು ಸಾರ್."

"ಗೊತ್ತಿದ್ದೂ ಕೂಗ್ದಾ?"

"ಕುಡಿದಿದೀನಿ ಸಾರ್. ಸುಳ್ಳು ಹೇಳಲ್ಲ." ಹುಡುಗ ಬರಿಮೈಯನ್ನು ತೋಳುಗಳಿಂದ ತಬ್ಬಿಕೊಂಡ. "ಎಲ್ರೂ ಸುಮ್ನೆ ನಿಂತಿದ್ರು. ಆ ಫೋಟೊ ಬೇರೆ. ಅವನ ಥರಾನೇ ಇರ್ಲಿಲ್ಲ ಅದು."

"ಅವನ್ನ ನೀನೇನು ಬಲ್ಲೆ?" ಎಂದಳು ವರ್ನೆಲ್. ಕೇಳಿದ್ದು ಮೆತ್ತಗೆ.

ಹುಡುಗನ ಹೆಸರು ಗ್ರೇಡಿ. ಎರಡು ವರ್ಷದ ಹಿಂದಿನ ಆ ಪಂದ್ಯದ ಹೊತ್ತಿಗೆ ಕಾಲೇಜಿನ ಮೊದಲನೇ ವರ್ಷದಲ್ಲಿದ್ದನಂತೆ, ಗೋಡೆಯ ಪಕ್ಕದ ಮೊದಲ ಸಾಲು. "ಬೆಣ್ಣೆ ಎಸೆದವರಲ್ಲಿ ನಾನೂ ಒಬ್ಬ ಅಮ್ಮಾ. ಪಂದ್ಯ ಮುಗೀತಲ್ಲ, ಅವರ ತಂಡದೋರೆಲ್ಲ ಒಳಗೆ ಹೋದ್ರು. ಇವನೊಬ್ಬ ಸೀದಾ ನಮ್ ಕಡೆ ಓಡ್ಬಂದ. ಹೊಡೀತಾನೆ ಅಂದ್ಕೊಂಡು ನಾವೆಲ್ಲ ಹಿಂದೆ ಸರಿದ್ವಿ. ಅವನು ಬಗ್ಗಿ ಒಂದು ಪೊಟ್ಟಣ ಎತ್ಕೊಂಡ. ಬಿಚ್ಚಿ ಮೂಸಿ ನೋಡ್ದ. 'ಉಪ್ಪು ಹಾಕಿರೋದಾ, ಸಪ್ಪೇದಾ?' ಅಂದ."

ವರ್ನೆಲ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಉಪ್ಪಿಂದು ಅಂದೆ ನಾನು. 'ಸದ್ಯ ಬದುಕಿದೆ. ಸಪ್ಪೇದು ತಗೊಂಡ್ ಹೋದ್ರೆ ನಮ್ಮಮ್ಮ ಮನೆಯೊಳಕ್ಕೆ ಬಿಡಲ್ಲ' ಅಂದ. ಇನ್ನೂ ನಾಲ್ಕೈದು ಎತ್ಕೊಂಡು ಹೆಲ್ಮೆಟ್ಟಲ್ಲಿ ತುಂಬ್ಕೊಂಡ. ಹೋಗ್ತಾ ತಿರುಗಿ, 'ಮುಂದಿನ ಸಲ ಬ್ರೆಡ್ಡೂ ತನ್ರೋ, ಏನ್ ಜನ ನೀವು' ಅಂದ." ಹುಡುಗ ಮೂಗು ಒರೆಸಿಕೊಂಡ, ಕೆನ್ನೆಯ ಮೇಲೆ ಬಣ್ಣ ಕಲಸಿತು. "ಈ ಸಲ ಬ್ರೆಡ್ ತರೋಣ ಅಂತ ಹುಡುಗ್ರಿಗೆಲ್ಲ ಹೇಳಿಟ್ಟಿದ್ದೆ."

ವರ್ನೆಲ್‌ಳಿಂದ ಒಂದು ಸದ್ದು ಬಂತು. ನಗು ಎಂದು ಕಾವಲುಗಾರ ಅಂದುಕೊಂಡ. ಆಮೇಲೆ ಅಲ್ಲ ಎಂದು ಗೊತ್ತಾಗಿ ಮುಖ ಬೇರೆಡೆ ತಿರುಗಿಸಿದ. ಅವಳು ಗೋಡೆಗೆ ಹಣೆ ಒತ್ತಿ ನಿಂತಿದ್ದಳು. "ರಾಯ್ಸ್, ಟೋಬಿ ನನ್ನ ಕೇಳಿದ್ದ. ಬೆಣ್ಣೆ ಎಲ್ಲಿ ಅಂತ ಕೇಳಿದ್ದ. ಅವನು ಅದನ್ನೇ ಹೇಳೋನಿದ್ದ. ನಾನು ತೀರಿಹೋಯ್ತು ಅಂದ್ಬಿಟ್ಟೆ."

ರಾಯ್ಸ್‌ನ ಕೈ ಅವಳ ಹೆಗಲ ಹತ್ತಿರ ಬಂದು, ಮುಟ್ಟದೆ ಗಾಳಿಯಲ್ಲೇ ನಿಂತಿತು. ಮೇಲೆ ಪಂದ್ಯ ಶುರುವಾಗಿ ಛಾವಣಿಯಿಂದ ಧೂಳು ಉದುರಿತು.

"ಇವನನ್ನ ಬಿಟ್ಬಿಡಿ," ಎಂದಳು ಅವಳು ಕೊನೆಗೆ.

"ಹಿಡಿದಿಟ್ಟುಕೊಳ್ಳಲ್ಲ ಅಮ್ಮಾ. ಆದ್ರೆ ಒಳಗಂತೂ ಬಿಡೋ ಹಂಗಿಲ್ಲ. ಬಿಟ್ರೆ ಅಲ್ಲಿ ಜನಾನೇ ಬಡೀತಾರೆ," ಎಂದ ಕಾವಲುಗಾರ. ಹುಡುಗನ ಅಂಗಿ, ಫೋನು ಎಲ್ಲ ಒಳಗಿದ್ದ ಗೆಳೆಯರ ಬಳಿ ಇದ್ದವು. ಪಂದ್ಯ ಮುಗಿಯುವ ತನಕ ಅವರು ಹೊರಗೆ ಬರುವವರಲ್ಲ. ಗೇಟಿನಾಚೆ ಗಾಳಿ ಕಾಗದದ ತಟ್ಟೆಗಳನ್ನು ಎಬ್ಬಿಸಿಕೊಂಡು ಹೋಗುತ್ತಿತ್ತು. ಹುಡುಗ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟ.

ರಾಯ್ಸ್ ಅವನ ಬೆನ್ನನ್ನು ನೋಡುತ್ತ ನಿಂತಿದ್ದ. ಬೆನ್ನಿಗೆ ಸರಿಯಾಗಿ ಬಣ್ಣ ಬಳಿದಿರಲಿಲ್ಲ, ಬೆನ್ನೆಲುಬಿನ ಉದ್ದಕ್ಕೂ ಬಿಳಿಯ ಪಟ್ಟೆ ಉಳಿದಿತ್ತು.

"ಏಯ್," ಎಂದ. "ನಮ್ ಗಾಡಿ ಇಲ್ಲೇ ಇದೆ."

"ಹೊರಗೆ ಹೋದ್ರೆ ಮತ್ತೆ ಒಳಗೆ ಬಿಡಲ್ಲ ಯಜಮಾನ್ರೇ," ಎಂದ ಕಾವಲುಗಾರ.

"ಗೊತ್ತಪ್ಪ."

ಬಯಲಿನ ತುಂಬ ಗಾಡಿಗಳು ನಿಂತಿದ್ದವು, ಜನರಿರಲಿಲ್ಲ. ಪಂದ್ಯಕ್ಕೆ ಮೊದಲು ಜನ ಗಾಡಿಗಳ ಪಕ್ಕ ಅಡುಗೆ ಮಾಡಿಕೊಂಡಿದ್ದ ಇದ್ದಿಲ ಒಲೆಗಳು ಆರದೆ ಅಲ್ಲಲ್ಲಿ ಹೊಗೆಯಾಡುತ್ತಿದ್ದವು. ಹುಡುಗನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ವರ್ನೆಲ್ ಕಂಬಳಿ ಕೊಟ್ಟಳು. "ಬಣ್ಣ ಹತ್ತತ್ತೆ ಅಮ್ಮಾ," ಎಂದ. "ಹತ್ತಲಿ," ಎಂದಳು. ರಾಯ್ಸ್ ಎಂಜಿನ್ ಚಾಲೂ ಮಾಡಿ ಬಿಸಿಗಾಳಿ ಬಿಟ್ಟು, ರೇಡಿಯೊ ಹಾಕಿದ.

ಮೈದಾನ ಅಲ್ಲೇ ಎದುರಿಗಿತ್ತು. ಒಳಗೆ ಏನಾದರೂ ಆದಾಗ ಮೊದಲು ಬರುವುದು ಜನರ ಸದ್ದು. ರೇಡಿಯೊದವನು ಅದೇ ಆಟವನ್ನು ಉಸಿರು ಬಿಗಿಹಿಡಿದು ಹೇಳುತ್ತ ಬರುವುದು ಆಮೇಲೆ. ಸದ್ದು ಮೊದಲು, ಸುದ್ದಿ ಆಮೇಲೆ. ಮೂರ್ನಾಲ್ಕು ಸಲ ಹಾಗಾದ ಮೇಲೆ ರಾಯ್ಸ್ ಕೈ ನೀಡಿ ರೇಡಿಯೊ ಆರಿಸಿದ.

ಗಾಜುಗಳ ಮೇಲೆ ಮೂವರ ಉಸಿರು ಮಂಜು ಕಟ್ಟತೊಡಗಿತು.

"ಇನ್ನೊಂದ್ಸಲ ಹೇಳು," ಎಂದ ರಾಯ್ಸ್. ಹಿಂದಕ್ಕೆ ತಿರುಗಲಿಲ್ಲ, ಸ್ಟಿಯರಿಂಗ್ ಹಿಡಿದು ಮುಂದೆಯೇ ನೋಡುತ್ತಿದ್ದ.

"ಏನ್ ಸಾರ್?"

"ಅದೇ. ಅವನು ಓಡ್ಬಂದದ್ದು. ಮೊದಲಿಂದ ಹೇಳು."

ಗ್ರೇಡಿ ಗಂಟಲು ಸರಿಮಾಡಿಕೊಂಡ. "ಪಂದ್ಯ ಮುಗೀತಲ್ಲ ಸಾರ್, ಅವರ ತಂಡದೋರೆಲ್ಲ ಒಳಗೆ ಹೋದ್ರು," ಎಂದು ಶುರುಮಾಡಿದ. ಅಷ್ಟರಲ್ಲಿ ಮೈದಾನದಿಂದ ಸದ್ದು ಎದ್ದಿತು. ಏರುತ್ತ ಏರುತ್ತ ಅದು ಗಾಡಿಯ ತಗಡನ್ನೇ ಅದುರಿಸಿತು. ಏನಾಯಿತೆಂದು ಯಾರೂ ಕೇಳಲಿಲ್ಲ. ಹುಡುಗ ಮಾತು ನಿಲ್ಲಿಸಿ, ಕಂಬಳಿಯ ಅಂಚು ಹಿಡಿದುಕೊಂಡು ಕೂತ. ಮುಂದಿನವರಿಬ್ಬರೂ ಅಲುಗಾಡದೆ, ಆ ಸದ್ದು ಇಳಿಯುವುದನ್ನೇ ಕಾಯುತ್ತಿದ್ದರು.