ಅರ್ಧ ಗಡ್ಡಕ್ಕೆ ಬಿಟ್ಟು ಹೋಗಲಾಗದ ಭಾವ

ನಮ್ಮ ಭಾವನ ಕತ್ತರಿಯ ಸದ್ದು ಕೇಳಿದರೆ ಸಾಕು, ಬೀದಿಯ ಆ ತುದಿಯವರ ಕೂದಲು ತಾನಾಗಿಯೇ ಉದುರುತ್ತಿತ್ತು. ಅವರ ಕ್ಷೌರದಂಗಡಿಯಲ್ಲಿ ಎರಡನೆಯ ಕುರ್ಚಿ ನನ್ನದು. ನನ್ನ ಕೈಯೇನೂ ಕಡಿಮೆಯದಲ್ಲ. ನಾನು ಗಡ್ಡ ಹೆರೆದ ಮುದುಕರನ್ನು ಅವರ ಹೆಂಡತಿಯರೇ ಗುರುತು ಹಿಡಿಯದೆ ಬಾಗಿಲು ಹಾಕಿಕೊಂಡದ್ದುಂಟು.

ಅಂಥ ಭಾವನ ಹೃದಯ ಸೋತಿತು. ಡಾಕ್ಟರು ಹಾರ್ಟ್ ಫೇಲ್ಯೂರ್ ಎಂದಾಗ, ಹೃದಯ ನಿಂತೇಹೋಯಿತೆಂದು ಅಕ್ಕ ಕುಸಿದು ಕೂತಳು. ನಿಂತಿಲ್ಲ, ರಕ್ತವನ್ನು ಬೇಕಾದಷ್ಟು ಬಲವಾಗಿ ನೂಕಲಾರದು, ಅದಕ್ಕೇ ಕಾಲಿನಲ್ಲೂ ಶ್ವಾಸಕೋಶದಲ್ಲೂ ನೀರು ತುಂಬುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಹೃದಯಕ್ಕೆ ಕೆಲವು ಮಾತ್ರೆ, ಆ ನೀರನ್ನು ಮೂತ್ರದಲ್ಲಿ ಇಳಿಸಲು ಒಂದು ಮಾತ್ರೆ ಬರೆದರು. ನೀರಿನ ಮಾತ್ರೆ ದಿನಾ ಬೆಳಿಗ್ಗೆ.

ತಿಂಗಳುಗಳಾದರೂ ಗುಣ ಕಾಣಲಿಲ್ಲ. ಪಾದ ಊದಿ ಚಪ್ಪಲಿಗೆ ಹಿಡಿಸದಾಯಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು; ಗೋಡೆಗೆ ಒರಗಿ ಕೂತೇ ನಿದ್ದೆ. ಅಕ್ಕ ಆ ಉಸಿರನ್ನು ಕೇಳುತ್ತಾ ಎಚ್ಚರವಿರುತ್ತಿದ್ದಳು. ಅಂಗಡಿಗೆ ರಜೆಯಿದ್ದ ಒಂದು ದಿನ, ಎದ್ದು ನಿಂತ ಭಾವ ಕಣ್ಣು ಕತ್ತಲಿಟ್ಟು ಹೊಸ್ತಿಲ ಮೇಲೆ ಬಿದ್ದರು. ಹಣೆ ಒಡೆಯಿತು. ಅಕ್ಕ ಸೆರಗಿನಿಂದ ಗಾಯ ಒತ್ತಿ ಹಿಡಿದಳು.

ಮುಂದಿನ ಸಲ ಆಸ್ಪತ್ರೆಗೆ ಮೂವರೂ ಹೋದೆವು. ಡಾಕ್ಟರ ಕೋಣೆಯ ಪಕ್ಕದಲ್ಲೇ ಫಾರ್ಮಸಿಸ್ಟ್ ಮೇಡಂ ಕೂರುತ್ತಿದ್ದರು. ಡಾಕ್ಟರ ಜೊತೆ ಸೇರಿ ಹೃದಯದ ಮಾತ್ರೆಗಳ ಪ್ರಮಾಣ ಏರಿಸುವುದು, ಇಳಿಸುವುದು ಅವರ ಕೆಲಸ ಎಂದು ನರ್ಸ್ ಹೇಳಿದರು. ಭಾವನಿಗೆ ಅದು ಸೇರಲಿಲ್ಲ.

"ಮಾತ್ರೆ ಕೊಡೋರು ಮಾತ್ರೆ ಕೊಡ್ಲಿ. ಸೋಪು ಮಾರೋನು ಬಂದು ನಮ್ಮ ಕತ್ತರಿ ಹಿಡೀತಾನಾ?" ಎಂದು ನನ್ನ ಕಿವಿಯಲ್ಲಿ ಗೊಣಗಿದರು.

ಬೆಳಗಿನಿಂದ ಕಾದೆವು. ಆ ಬೆಂಚಿನ ಮೇಲೆ ಕೂತಲ್ಲೇ ನನ್ನ ಗಡ್ಡ ಬೆಳೆದು ಮೊಣಕಾಲು ಮುಟ್ಟಿತು. ಕೊನೆಗೆ ಒಳಗೆ ಕರೆದ ಮೇಡಂ ತೂಕ, ಬಿ.ಪಿ., ನಾಡಿ ಎಲ್ಲ ನೋಡಿದರು. ರಕ್ತಪರೀಕ್ಷೆಯ ವರದಿ ಓದಿದರು. ಭಾವನ ಕಾಲಿನ ಗಂಟಿನ ಹತ್ತಿರ ಬೆರಳು ಒತ್ತಿದರು. ಬಿದ್ದ ಗುಳಿ ಏಳಲೇ ಇಲ್ಲ. ಅದರಲ್ಲಿ ಒಂದು ಸೇರು ಕಾಳು ಅಳೆಯಬಹುದಿತ್ತು.

ನೀರಿನ ಮಾತ್ರೆ ದಿನಾ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ತಪ್ಪದೆ, ಇವತ್ತೂ ನುಂಗಿಯೇ ಬಂದೆ ಎಂದರು ಭಾವ.

"ಯಜಮಾನ್ರೇ, ಬೆಳಿಗ್ಗೆಯಿಂದ ನನ್ನ ಬಾಗಿಲೆದುರಿಗೇ ಕೂತಿದ್ದೀರಿ. ಆ ಮಾತ್ರೆ ತಗೊಂಡೋರು ಇಷ್ಟೊತ್ತಿಗೆ ಶೌಚಾಲಯದ ದಾರಿ ಸವೆಸಿರ್ತಾರೆ. ನೀವು ಒಂದು ಸಲವೂ ಎದ್ದಿಲ್ಲ."

ಮೇಡಂ ದನಿ ತಗ್ಗಿಸಿದರು.

"ತಗೊಂಡೂ ನೀರು ಇಳಿದಿಲ್ಲ ಅಂದ್ರೆ ಡೋಸ್ ಹೆಚ್ಚಿಸ್ಬೇಕಾಗುತ್ತೆ. ತಗೊಂಡೇ ಇಲ್ಲ ಅಂದ್ರೆ, ಹೆಚ್ಚಿಸಿದ್ದೇ ನಿಮಗೆ ಕೇಡು. ಬಿ.ಪಿ. ಬಿದ್ದುಹೋಗುತ್ತೆ, ಕಿಡ್ನಿಗೆ ಪೆಟ್ಟು. ನಾನು ಯಾವುದನ್ನ ನಂಬಲಿ, ನೀವೇ ಹೇಳಿ."

ಅಕ್ಕ ಭಾವನ ತೋಳು ಹಿಡಿದಳು. "ಹೇಳ್ರೀ. ನನಗೋಸ್ಕರ ಆದ್ರೂ ಹೇಳ್ರೀ."

"ಅರ್ಧ ಗಡ್ಡ ಹೆರೆದಿರ್ತೀನಿ ಮೇಡಂ, ಆಗಲೇ ಒತ್ತಿಕೊಂಡು ಬರುತ್ತೆ," ಎಂದರು ಭಾವ. "ಅಂಗಡೀಲಿ ಶೌಚಾಲಯ ಇಲ್ಲ, ಮಾರ್ಕೆಟ್ಟಿನ ಆಚೆ ಹೋಗ್ಬೇಕು. ಸೋಪು ಹಚ್ಚಿದ ಮುಖಾನ ಹಾಗೇ ಬಿಟ್ಟು ಹೋಗೋಕಾಗುತ್ತಾ? ಅದಕ್ಕೇ ಕೆಲಸದ ದಿನ ನುಂಗ್ತಿರ್ಲಿಲ್ಲ. ರಜೆ ದಿನ ಎರಡು ಮೂರು ಸೇರಿಸಿ ನುಂಗ್ತಿದ್ದೆ. ಇವತ್ತೂ ಇಲ್ಲಿಂದ ನೇರ ಅಂಗಡಿಗೇ ಹೋಗೋದು, ಅದಕ್ಕೇ ನುಂಗಿಲ್ಲ."

ಹೊಸ್ತಿಲ ಮೇಲೆ ಯಾಕೆ ಬಿದ್ದರೆಂದು ಆಗ ತಿಳಿಯಿತು. ಅಕ್ಕ ಬೈಯಲಿಲ್ಲ, ಅತ್ತಳು. ಮೇಡಂ ಕೂಡ ಬೈಯಲಿಲ್ಲ. ಮಧ್ಯಾಹ್ನ ಅಂಗಡಿ ಎಷ್ಟು ಹೊತ್ತು ಮುಚ್ಚಿರುತ್ತದೆ ಎಂದು ಕೇಳಿ, ಡಾಕ್ಟರ ಕೋಣೆಗೆ ಹೋಗಿ ಮಾತಾಡಿ ಬಂದರು. ಡಾಕ್ಟರು ಅವತ್ತು ನೀರಿನ ಮಾತ್ರೆ ಹೆಚ್ಚಿಸಬೇಕೆಂದಿದ್ದರಂತೆ. ಈಗ ಅದು ಬೇಡವೆಂದಾಯಿತು. ಅದೇ ಮಾತ್ರೆ, ಅದೇ ಪ್ರಮಾಣ, ಹೊತ್ತು ಮಾತ್ರ ಬೇರೆ: ಮಧ್ಯಾಹ್ನ ಬಾಗಿಲು ಹಾಕಿ ಮನೆಗೆ ಬಂದ ಕೂಡಲೇ. ಸಂಜೆ ಅಂಗಡಿ ತೆರೆಯುವ ಹೊತ್ತಿಗೆ ಶೌಚಾಲಯದ ಓಡಾಟ ಮುಗಿದಿರುತ್ತದೆ. ದಿನಾ ಬೆಳಿಗ್ಗೆ ಏನೂ ತಿನ್ನುವ ಮೊದಲು ತೂಕ ನೋಡಿಕೊಳ್ಳಬೇಕು, ಅದು ಒಂದೆರಡು ದಿನದಲ್ಲೇ ಸರ್ರನೆ ಏರಿದರೆ ಫೋನು ಮಾಡಬೇಕು. ಹೃದಯದ ಮಾತ್ರೆಗಳನ್ನು ಮೆಟ್ಟಿಲು ಹತ್ತಿದ ಹಾಗೆ ನಿಧಾನವಾಗಿ ಏರಿಸುತ್ತೇವೆ, ಪ್ರತಿ ಸಲವೂ ಬಿ.ಪಿ., ನಾಡಿ, ರಕ್ತ ನೋಡಿಯೇ ಎಂದರು.

ಒಮ್ಮೆ ಹಾಗೆ ಏರಿಸಿದಾಗ ಭಾವನಿಗೆ ತಲೆ ತಿರುಗಿತು. ಅವರು ತಾವಾಗಿ ಮಾತ್ರೆ ನಿಲ್ಲಿಸಲಿಲ್ಲ, ಫೋನು ಮಾಡಿದರು. ಮೇಡಂ ಡಾಕ್ಟರಿಗೆ ಹೇಳಿ ಒಂದು ಮೆಟ್ಟಿಲು ಇಳಿಸಿದರು. ಕೆಲವು ವಾರಗಳಲ್ಲಿ ಊತ ಇಳಿಯಿತು.

ಭಾವ ಈಗ ಕುದುರೆಯಂತೆ ಓಡುತ್ತಾರೆ ಎನ್ನಲು ನನ್ನ ನಾಲಿಗೆ ತುರಿಸುತ್ತಿದೆ. ಓಡುವುದಿಲ್ಲ. ಸೋತ ಹೃದಯ ಹೊಸದಾಗುವುದಿಲ್ಲ. ಮಾತ್ರೆ ಇನ್ನು ಜೀವಮಾನದ ಜೊತೆ. ಆದರೆ ಸಲೀಸಾಗಿ ಉಸಿರಾಡುತ್ತಾ ಮಲಗುತ್ತಾರೆ, ಪಕ್ಕದಲ್ಲಿ ಅಕ್ಕನೂ ನಿದ್ದೆ ಮಾಡುತ್ತಾಳೆ.

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಇಂಥ ಕಾಯಿಲೆಯಿದ್ದರೆ ಮಾತ್ರೆಯನ್ನು ನೀವಾಗಿ ಹೆಚ್ಚಿಸಬೇಡಿ, ನಿಲ್ಲಿಸಬೇಡಿ, ಬಿಟ್ಟದ್ದನ್ನು ಸೇರಿಸಿ ನುಂಗಬೇಡಿ. ಉಸಿರು ಸಿಗದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಡಾಕ್ಟರ ಮುಂದೆ ಹೇಳಲು ಸಂಕೋಚವಾದರೆ ಫಾರ್ಮಸಿಸ್ಟರ ಮುಂದೆ ಕೂತು ಹೇಳಿ: ಬಿಟ್ಟಿದ್ದರೆ ಬಿಟ್ಟೆ ಎನ್ನಿ, ಯಾಕೆ ಬಿಟ್ಟಿರೆಂದೂ ಹೇಳಿ. ಸುಳ್ಳಿನಲ್ಲಿ ನನ್ನನ್ನು ಮೀರಿಸಿದವರು ಇನ್ನೂ ಹುಟ್ಟಿಲ್ಲ, ಆದ್ದರಿಂದ ನನ್ನ ಮಾತು ನಂಬಿ. ಊರಿಗೆಲ್ಲ ಸುಳ್ಳು ಹೇಳಿ ಬದುಕಬಹುದು. ನಿಮ್ಮ ಮಾತ್ರೆಯ ಅಳತೆ ಹಾಕುವವರಿಗೆ ಹೇಳಿ ಬದುಕಲಾಗದು.