ರಬ್ಬರ್ ಕಟ್ಟಿದ ಕುರ್ಚಿ

"ಅಳು ಬಂದ್ರೆ ತಡ್ಕೋಬೇಡ," ಎಂದಳು ಯಾನಾರಾ. "ಧಾರಾಳವಾಗಿ ಅತ್ತುಬಿಡು. ಕಚೇರಿಯಿಂದ ಬರೋರ ಮುಂದೆ ನಾವು ಎಷ್ಟು ಗಂಟಲು ಹರ್ಕೊಂಡ್ರೂ ಅಷ್ಟೇ. ಒಂದು ಹುಡುಗಿ ಕಣ್ಣೀರು ಹಾಕಿದ್ರೆ ಸಾಕು, ಪೆನ್ನು ತಾನಾಗೇ ಜೇಬಿಂದ ಈಚೆ ಬರುತ್ತೆ."

ಸಾಯೆನ್ ಆಗಲಿ ಎಂಬಂತೆ ತಲೆಯಾಡಿಸಿದಳು. ಕೈಯಲ್ಲಿದ್ದ ಲೋಟದ ಚಹಾ ಬಿಸಿಯಿದೆಯೋ ಆರಿದೆಯೋ ಅವಳಿಗೆ ತಿಳಿಯುತ್ತಿರಲಿಲ್ಲ. ಮೇ ತಿಂಗಳಿಂದ ಹೀಗೇ ಆಗಿತ್ತು. ತಿಂದದ್ದು ರುಚಿಸುತ್ತಿರಲಿಲ್ಲ, ಮಳೆಯಲ್ಲಿ ನೆನೆದರೂ ಚಳಿಯಾಗುತ್ತಿರಲಿಲ್ಲ. ತರಗತಿಯಲ್ಲಿ ಪಕ್ಕದಲ್ಲೇ ಕೂರುತ್ತಿದ್ದ ಯೆರ್ಕೊನನ್ನು ಮಣ್ಣು ಮಾಡಿದ ದಿನವೂ ಅವಳ ಕಣ್ಣು ಒದ್ದೆಯಾಗಿರಲಿಲ್ಲ. ಅವನ ತಾಯಿ ತಬ್ಬಿಕೊಂಡು ಅಳುವಾಗ ಇವಳು ಆಕೆಯ ಕೋಟಿನ ಗುಂಡಿಗಳನ್ನೇ ನೋಡುತ್ತ ನಿಂತಿದ್ದಳು. ಈಗ ಇಡೀ ಶಾಲೆ ಇವಳ ಕಣ್ಣೀರನ್ನು ನಂಬಿಕೊಂಡು ಕೂತಿತ್ತು.

ಯೆರ್ಕೊ ಹೇಗೆ ಹೋದ ಎನ್ನುವುದನ್ನು ನಮ್ಮ ಊರಿನಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಆ ಘಟನೆ' ಎನ್ನುತ್ತಿದ್ದರು ಮೇಷ್ಟರು. 'ಪಾಪ, ಆ ಹುಡುಗ' ಎಂದು ಮೀನಿನ ಕಾರ್ಖಾನೆಯ ಹೆಂಗಸರು ಮಾತು ತಿರುಗಿಸುತ್ತಿದ್ದರು. ಅವನು ತಾನೇ ಜೀವ ಕಳೆದುಕೊಂಡ ಎಂಬ ಮಾತನ್ನು ಮೊದಲು ಗಟ್ಟಿಯಾಗಿ ಆಡಿದವರು ಮಕ್ಕಳು. ಆಡಿ ಸುಮ್ಮನಾಗಲಿಲ್ಲ, ಆಗಸ್ಟ್‌ನಲ್ಲಿ ಶಾಲೆಯನ್ನೇ ಹಿಡಿದು, ಗೇಟು ಹಾಕಿಕೊಂಡು ಒಳಗೇ ಬೀಡುಬಿಟ್ಟರು.

ಶಾಲೆ ಹಿಡಿಯುವುದೆಂದರೆ ನಮ್ಮ ಕಡೆ ಮೊದಲು ಆಗುವ ಕೆಲಸ ಒಂದೇ. ತರಗತಿಗಳ ಕುರ್ಚಿಗಳನ್ನೆಲ್ಲ ಹೊತ್ತು ತಂದು, ಕಾಲುಗಳನ್ನು ಹೊರಗೆ ಮಾಡಿ, ಗೇಟಿನ ಸರಳುಗಳಿಗೆ ಸಿಕ್ಕಿಸಿ ಒಂದರ ಮೇಲೊಂದು ಪೇರಿಸುವುದು. ಕೆಳಗೆ ಬಂದರಿನಲ್ಲಿ ಬಲೆ ಬಿಡಿಸುವವರು ತಲೆಯೆತ್ತಿದರೆ ಗುಡ್ಡದ ಮೇಲೆ ಅಷ್ಟೂ ಕಾಲುಗಳು ಕಾಣುತ್ತವೆ. ಕಂಡವರು ಬೈಯುವುದಿದ್ದರೆ ಬೈಯುತ್ತಾರೆ, ಇಲ್ಲವಾದರೆ ಸಂಜೆ ಒಂದು ಚೀಲ ಬ್ರೆಡ್ ತಂದು ಬೇಲಿಯಾಚೆಯಿಂದ ಕೊಟ್ಟು ಹೋಗುತ್ತಾರೆ.

ಮಕ್ಕಳು ಕೇಳಿದ್ದೇನೂ ಆಕಾಶವಲ್ಲ. ಮನಸ್ಸು ಸರಿಯಿಲ್ಲದವರ ಮಾತು ಕೇಳಲು ಶಾಲೆಯಲ್ಲಿ ಒಬ್ಬರು ಆಪ್ತಸಲಹೆಯ ಮೇಡಂ ಇದ್ದರು. ಕೊನ್ಸೆಪ್ಸಿಯೋನ್ ನಗರದಿಂದ ಬಸ್ಸು ಹಿಡಿದು ಗುರುವಾರ ಮಾತ್ರ ಬರುತ್ತಿದ್ದರು. ಉಳಿದ ದಿನ ಅವರಿಗೆ ಬೇರೆ ಶಾಲೆಗಳಿದ್ದವು. ದಿನವೂ ಒಬ್ಬರು ಇರಬೇಕು ಎಂಬುದಷ್ಟೇ ಬೇಡಿಕೆ. ಅದಕ್ಕೆ ಉತ್ತರ ಹೇಳಲು ಇವತ್ತು ನಗರಸಭೆಯ ಶಿಕ್ಷಣ ಕಚೇರಿಯ ಅಧಿಕಾರಿ, ಎಲ್ಲರೂ ಗೌರವದಿಂದ 'ದೋನ್' ಎನ್ನುವ ಎವರಿಸ್ತೊ ಬರುವವರಿದ್ದರು. ಯೆರ್ಕೊನ ಜೊತೆಗೆ ಕೂತವಳು, ಅವನ ಗೆಳತಿ, ಅವರೆದುರು ಮಾತಾಡಬೇಕೆಂದು ಸಭೆ ತೀರ್ಮಾನಿಸಿತ್ತು. ಸಾಯೆನ್ ಒಪ್ಪಿಕೊಂಡಿದ್ದಳು. ಬೇಡ ಎನ್ನುವುದಕ್ಕೂ ಒಂದಿಷ್ಟು ಮನಸ್ಸು ಬೇಕಲ್ಲ.

ಮಧ್ಯಾಹ್ನ ಶಾಲೆಯ ಅಡುಗೆಯ ಎಲ್ಬ ಅತ್ತೆ ಬೇಲಿಯ ಸಂದಿಯಿಂದ ಚೆನ್ನಂಗಿ ಬೇಳೆಯ ಪಾತ್ರೆ ಒಳಗೆ ದೂಡಿದಳು. ಶಾಲೆ ಮುಚ್ಚಿದ್ದರೂ ಅವಳ ಒಲೆ ಆರಿರಲಿಲ್ಲ. ಮನೆಯಲ್ಲೇ ಬೇಯಿಸಿ ತರುತ್ತಿದ್ದಳು.

"ಯಾರೇ ಬರೋದು, ಎವರಿಸ್ತೊನಾ?" ಎಂದಳು. "ಇದೇ ಶಾಲೇಲಿ ಮೂಗು ಸುರಿಸ್ಕೊಂಡು ಓಡಾಡ್ತಿದ್ದ. ಎರಡು ಸಲ ಅನ್ನ ಹಾಕಿಸ್ಕೋತಿದ್ದ. ಈಗ ಟೈ ಕಟ್ತಾನೆ. ಇರ್ಲಿ, ನನ್ನ ಸೌಟು ಕೊಡ್ರೇ."

"ಸೌಟು ಸಭೆಗೆ ಬೇಕು ಅತ್ತೆ," ಎಂದ ನಾವೆಲ್. ಅವನು ಗೇಟಿನ ಕಾವಲಿನವನು. ಆಳು ಬಾಗಿಲಿಗೆ ತಲೆ ತಾಗುವಷ್ಟು ಎತ್ತರ.

"ಸಭೇಲಿ ಸೌಟಲ್ಲಿ ಏನು ಬಡಿಸ್ತೀರೋ?"

"ಮಾತು," ಎಂದು ನಾವೆಲ್ ಹಲ್ಲು ಕಿರಿದ.

ಅದು ನಿಜವೇ. ಮೊದಲ ದಿನದ ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಕಿರುಚಿ ಯಾರ ಮಾತೂ ಯಾರಿಗೂ ಕೇಳದಿದ್ದಾಗ, ಯಾನಾರಾ ಕೈಗೆ ಸಿಕ್ಕ ಸೌಟನ್ನು ಎತ್ತಿ ಹಿಡಿದಿದ್ದಳು. ಸೌಟು ಯಾರ ಕೈಯಲ್ಲಿದೆಯೋ ಅವರೇ ಮಾತಾಡಬೇಕು, ಉಳಿದವರು ಬಾಯಿ ಮುಚ್ಚಬೇಕು. ಆ ನಿಯಮ ಗಟ್ಟಿಯಾಗಿ ನಿಂತುಬಿಟ್ಟಿತ್ತು.

ಎಲ್ಬ ಅತ್ತೆ ಸಾಯೆನ್‌ಳ ಮುಖ ನೋಡಿದಳು. "ಊಟ ಮಾಡಿದ್ಯೇನೇ?"

"ಮಾಡ್ದೆ ಅತ್ತೆ."

"ಹೌದಾ? ನಿನ್ನೆಯ ಬೇಳೆಗೆ ಉಪ್ಪು ಸರಿಯಿತ್ತಾ?"

ಸಾಯೆನ್ ನೆನಪು ಮಾಡಿಕೊಳ್ಳಲು ನೋಡಿದಳು. ಏನೂ ಸಿಗಲಿಲ್ಲ. ಎಲ್ಬ ಅತ್ತೆ ಬೇಲಿಯೊಳಗೆ ಕೈ ಹಾಕಿ ಅವಳ ಜಾಕೆಟ್ಟಿನ ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದು ಹೊರಟಳು.

ದೋನ್ ಎವರಿಸ್ತೊ ಬಂದಾಗ ಮಳೆ ಜೋರಾಗಿತ್ತು. ಪಕ್ಕದ ಚಿಕ್ಕ ಬಾಗಿಲಿಂದ ಅವರನ್ನು ಒಳಗೆ ಬಿಟ್ಟು ವ್ಯಾಯಾಮದ ಹಾಲ್‌ಗೆ ಕರೆದುಕೊಂಡು ಬಂದರು. ಮಕ್ಕಳೆಲ್ಲ ಹಾಸಿಗೆ, ಕಂಬಳಿಗಳ ಮೇಲೆ ಸೀಮೆಎಣ್ಣೆ ಒಲೆಯ ಸುತ್ತ ಕೂತಿದ್ದರು. ದೋನ್ ಎವರಿಸ್ತೊ ಛತ್ರಿ ಮಡಚಿ, ನೆಲ ನೋಡಿ, ತಮ್ಮ ಮೊಣಕಾಲು ಮುಟ್ಟಿಕೊಂಡರು.

"ತಪ್ಪು ತಿಳ್ಕೋಬೇಡಿ ಮಕ್ಕಳೇ. ಕೆಳಗೆ ಕೂತ್ರೆ ಏಳೋಕಾಗಲ್ಲ. ಒಂದು ಕುರ್ಚಿ ಇದ್ರೆ..."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಾಲೆಯಲ್ಲಿ ಕುರ್ಚಿಯೇ ಇರಲಿಲ್ಲ.

"ನಾವೆಲ್, ಗೇಟಿಂದ ಒಂದು ಕಿತ್ಕೊಂಡು ಬಾರೋ," ಎಂದಳು ಯಾನಾರಾ. "ನೋಡ್ಕೊಂಡು ಕೀಳು, ಆಮೇಲೆ ಎಲ್ಲಾನೂ ತಲೆ ಮೇಲೆ ಬೀಳಿಸ್ಕೋಬೇಡ."

"ಬಿದ್ರೂ ಒಳಗೆ ಹಾಳಾಗೋ ಸಾಮಾನೇನಿಲ್ಲ ಬಿಡು," ಎಂದು ಯಾರೋ ಅಂದರು. ನಗು ಎದ್ದಿತು. ದೋನ್ ಎವರಿಸ್ತೊ ಕೂಡ ನಕ್ಕರು.

ನಾವೆಲ್ ಮಳೆಗೆ ನೆನೆದ ಕುರ್ಚಿಯೊಂದನ್ನು ತಂದು, ತನ್ನ ಮಫ್ಲರಿನಿಂದಲೇ ಒರೆಸಿ ನಡುವೆ ಇಟ್ಟ. ಸಾಯೆನ್ ಅದರ ಹಿಂದಿನ ಎಡಗಾಲು ನೋಡಿದಳು. ಸೈಕಲ್ ಟ್ಯೂಬಿನ ತುಂಡೊಂದನ್ನು ಮಡಚಿ, ನೀಲಿ ವೈರಿನಿಂದ ಬಿಗಿದಿತ್ತು.

ಅದನ್ನು ಕಟ್ಟಿದ ದಿನ ಅವಳು ಪಕ್ಕದಲ್ಲೇ ಇದ್ದಳು. 'ಗಣಿತದ ಪಿರಿಯಡ್ ಪೂರ್ತಿ ಹೀಗೆ ಟಕ್ ಟಕ್ ಅಂತಿದ್ರೆ ಮನುಷ್ಯ ನಿದ್ದೆ ಮಾಡೋದು ಹೇಗೆ?' ಎಂದು ಬೈಯುತ್ತ ಯೆರ್ಕೊ ಹಲ್ಲಿನಿಂದ ವೈರು ಕತ್ತರಿಸಿದ್ದ. ಮೇ ತಿಂಗಳ ನಂತರ ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ, ಅದನ್ನು ಯಾರೂ ತೆಗೆಯಲೂ ಇಲ್ಲ. ಮೇಷ್ಟರು ಅದರ ಮೇಲಿಂದ ಕಣ್ಣು ಹಾಯಿಸಿ ಪಾಠ ಮಾಡುತ್ತಿದ್ದರು. ಶಾಲೆ ಹಿಡಿದ ಬೆಳಿಗ್ಗೆ ಗಡಿಬಿಡಿಯಲ್ಲಿ ಹುಡುಗರು ಅದನ್ನೂ ಎಲ್ಲದರ ಜೊತೆ ಹೊತ್ತುಬಿಟ್ಟಿದ್ದರು. ಸಾಯೆನ್ ಬಂದು ನೋಡಿದಾಗ ತರಗತಿ ಬರಿದಾಗಿತ್ತು. ಏನೂ ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲವಲ್ಲ ಎಂದು ಮಾತ್ರ ಸ್ವಲ್ಪ ಹೆದರಿಕೆಯಾಗಿತ್ತು.

ದೋನ್ ಎವರಿಸ್ತೊ ಕುರ್ಚಿಯಲ್ಲಿ ಕೂತು, ಸೌಟನ್ನು ಎರಡೂ ಕೈಯಲ್ಲಿ ಹಿಡಿದು ಮಾತಾಡಿದರು. ಕೆಟ್ಟ ಮನುಷ್ಯರಲ್ಲ. ಯುವಜನರ ದನಿ ಕೇಳಿಸಿಕೊಳ್ಳುವ ಕಾಲ ಬಂದಿದೆ ಎಂದರು. ಅಂಗಳದ ಗೋಡೆಗೆ ಮಕ್ಕಳೇ ಚಿತ್ರ ಬಿಡಿಸಲಿ, ಬಣ್ಣ ನಗರಸಭೆ ಕೊಡುತ್ತದೆ ಎಂದರು. ಸೋರುವ ಹಾಲ್‌ನ ತಗಡು ಬದಲಾಯಿಸುವುದಾಗಿ, ವರ್ಷಕ್ಕೊಮ್ಮೆ ಮನಸ್ಸಿನ ಆರೋಗ್ಯದ ಸಪ್ತಾಹ ನಡೆಸುವುದಾಗಿ ಹೇಳಿದರು. ದಿನವೂ ಒಬ್ಬರನ್ನು ಇಡುವ ಮಾತು ಬಂದಾಗ ಸೌಟನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು. "ನೋಡೋಣ. ಎಲ್ಲಾ ಒಂದೇ ಸಲಕ್ಕೆ ಆಗಲ್ಲ. ನೀವೂ ಅರ್ಥ ಮಾಡ್ಕೋಬೇಕು."

ಸೌಟು ಕೈಯಿಂದ ಕೈಗೆ ಸಾಗಿ ಸಾಯೆನ್‌ಳ ಬಳಿ ಬಂತು.

ಅವಳು ಎದ್ದು ನಿಂತಳು. ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಮೂಲೆಯ ಬಕೆಟ್ಟಿಗೆ ಹನಿ ತೊಟ್ಟಿಕ್ಕುತ್ತಿತ್ತು. ಯಾನಾರಾ ಕೆಳಗಿನಿಂದ ಅವಳ ಕಾಲು ಚಿವುಟಿದಳು. ಎಲ್ಲರೂ ಅವಳ ಕಣ್ಣನ್ನೇ ನೋಡುತ್ತಿದ್ದರು. ಕಣ್ಣು ಒಣಗಿಯೇ ಇತ್ತು.

"ದೋನ್ ಎವರಿಸ್ತೊ," ಎಂದಳು, "ಆ ಕುರ್ಚಿ ಅಲ್ಲಾಡುತ್ತಾ?"

ಅವರು ಸ್ವಲ್ಪ ಹಿಂದೆ ಮುಂದೆ ತೂಗಿ ನೋಡಿದರು. "ಇಲ್ಲಮ್ಮ. ಗಟ್ಟಿಯಾಗಿದೆ."

"ಮೊದಲು ಅಲ್ಲಾಡ್ತಿತ್ತು. ಹಿಂದಿನ ಕಾಲಿಗೆ ರಬ್ಬರ್ ಕಟ್ಟಿದೆ, ನೋಡಿ. ಕಟ್ಟಿದ್ದು ಯೆರ್ಕೊ. ಅದು ಅವನ ಕುರ್ಚಿ."

ನಾವೆಲ್ ಬಾಯಿಗೆ ಕೈ ಅಡ್ಡ ಹಿಡಿದ. ದೋನ್ ಎವರಿಸ್ತೊ ಅರ್ಧ ಎದ್ದರು.

"ಕೂತ್ಕೊಳ್ಳಿ, ಪರವಾಗಿಲ್ಲ," ಎಂದಳು ಸಾಯೆನ್, ಅದೇ ದನಿಯಲ್ಲಿ. ಅವರು ಕೂರಲೂ ಆಗದೆ ನಿಲ್ಲಲೂ ಆಗದೆ ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಅವನು ಮಂಗಳವಾರ ಆ ಮೇಡಂ ರೂಮಿಗೆ ಹೋದ. ನಾನೂ ಜೊತೇಲಿದ್ದೆ. ಒಬ್ನೇ ಹೋಗೋಕೆ ನಾಚ್ಕೆ ಅಂದ. ಬಾಗಿಲು ತಟ್ಟಿದ. ಪಕ್ಕದ ಆಫೀಸಿಂದ ಗುರುವಾರ ಬಾ ಅಂದ್ರು. ಅವರ ತಪ್ಪಲ್ಲ, ಬಾಗಿಲ ಮೇಲೂ ಹಾಗೇ ಬರೆದಿದೆ. ವಾಪಸ್ ಬರ್ತಾ ಯೆರ್ಕೊ, 'ಗುರುವಾರದವರೆಗೂ ಹುಚ್ಚು ಹಿಡೀಬಾರ್ದಂತೆ ಕಣೇ, ಟೈಂಟೇಬಲ್ ಇದೆಯಂತೆ' ಅಂದ. ನಂಗೆ ನಗು ಬಂತು. ಇಬ್ರೂ ನಕ್ವಿ."

ಒಲೆಯ ಬಳಿ ಯಾರೋ ಮೂಗು ಎಳೆದುಕೊಂಡರು. ಸಾಯೆನ್ ಅತ್ತ ನೋಡಲಿಲ್ಲ.

"ಬುಧವಾರ ಅವನು ಹೋಗ್ಬಿಟ್ಟ. ಗುರುವಾರ ಅವನಿಗೋಸ್ಕರ ಅಂತ ಶಾಲೆಗೆ ರಜೆ ಕೊಟ್ರಿ. ರಜೆ ಅಂತ ಆ ಮೇಡಂ ಕೂಡ ಬರ್ಲಿಲ್ಲ. ಇದನ್ನ ನಾನು ಯಾರಿಗೂ ಹೇಳಿರ್ಲಿಲ್ಲ. ನಮ್ಮಮ್ಮನಿಗೂ ಹೇಳಿಲ್ಲ. ನಂಗೆ ಅಳು ಬರಲ್ಲ. ಇವರೆಲ್ಲ ಅಳು ಅಂತಾರೆ. ಬಂದ್ರೆ ಅಳ್ತೀನಿ, ಬರ್ತಾ ಇಲ್ಲ. ಅದಕ್ಕೇ ನಾನೂ ಆ ಬಾಗಿಲು ತಟ್ಟಬೇಕು ಅಂತ ಎಷ್ಟೋ ಸಲ ಹೋದೆ. ನಾನು ಹೋದಾಗ್ಲೂ ಗುರುವಾರ ಆಗಿರ್ಲಿಲ್ಲ."

ಯಾನಾರಾ ತಲೆಯೆತ್ತಿ ಗೆಳತಿಯ ಮುಖ ನೋಡಿದಳು. ಪಕ್ಕದಲ್ಲೇ ಮಲಗಿ ಏಳುತ್ತಿದ್ದವಳಿಗೂ ಇದು ಗೊತ್ತಿರಲಿಲ್ಲ.

ದೋನ್ ಎವರಿಸ್ತೊ ಕನ್ನಡಕ ತೆಗೆದು ಒರೆಸಿದರು. ಸೌಟು ತಮ್ಮ ಕೈಯಲ್ಲಿಲ್ಲ ಎಂಬುದನ್ನೂ ಮರೆತು ಮಾತಾಡಿದರು. "ಮಂಗಳವಾರ ಸೇರಿಸೋಣ," ಎಂದರು. "ಇವತ್ತೇ ಬರೆದು ಕೊಡ್ತೀನಿ. ಗುರುವಾರದ ಜೊತೆ ಮಂಗಳವಾರ. ಇದು ನನ್ನ ಮಾತು."

ನಿಜವಾಗಿಯೂ ಪೆನ್ನು ಜೇಬಿನಿಂದ ಹೊರಗೆ ಬಂದಿತ್ತು. ಹಿಂದಿನ ಸಾಲಿನಲ್ಲಿ ಒಂದೆರಡು ಚಪ್ಪಾಳೆ ಬಿದ್ದು ನಿಂತವು.

"ಮಂಗಳವಾರ ಬರೋನು ಬಂದು ಹೋಗಾಯ್ತು," ಎಂದಳು ಸಾಯೆನ್. "ಇನ್ನು ಬರೋರು ಯಾವ ವಾರ ಬರ್ತಾರೋ ನಂಗೇನು ಗೊತ್ತು?"

ಅಷ್ಟು ಹೇಳಿ ಸೌಟನ್ನು ಒಲೆಯ ಪಕ್ಕ ಇಟ್ಟು ಕೂತುಬಿಟ್ಟಳು. ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ.

ದೋನ್ ಎವರಿಸ್ತೊ ಪೆನ್ನನ್ನು ಜೇಬಿಗೆ ಹಾಕಿಕೊಂಡರು. "ದಿನಾ ಅಂತ ಬರೆಯೋ ಅಧಿಕಾರ ನಂಗಿಲ್ಲ ಮಕ್ಕಳೇ," ಎಂದರು. ಆ ಮಾತು ಮಾತ್ರ ಅವರ ಅಂದಿನ ಮಾತುಗಳಲ್ಲಿ ಭಾಷಣದ ಹಾಗೆ ಕೇಳಿಸಲಿಲ್ಲ.

"ಹಾಗಾದ್ರೆ ಅಧಿಕಾರ ಇರೋರನ್ನ ಕರ್ಕೊಂಡ್ಬನ್ನಿ," ಎಂದಳು ಯಾನಾರಾ. "ಅಲ್ಲೀವರೆಗೂ ಕುರ್ಚಿಗಳು ಗೇಟಲ್ಲೇ ಇರ್ತವೆ."

ಅವರು ಹೂಂ ಎಂದು ಹೊರಟರು. ಛತ್ರಿ ಅಲ್ಲೇ ಉಳಿಯಿತು. ಒಬ್ಬಳು ಚಿಕ್ಕ ಹುಡುಗಿ ಅದನ್ನು ಹಿಡಿದು ಓಡುವಷ್ಟರಲ್ಲಿ ಅವರು ನೆನೆಯುತ್ತ ಇಳಿಜಾರು ದಾಟಿದ್ದರು.

ಸಭೆ ಕೈಯೆತ್ತಿ, ಶಾಲೆ ಬಿಡುವುದಿಲ್ಲ ಎಂದು ತೀರ್ಮಾನಿಸಿತು. ಎಲ್ಲರೂ ಎದ್ದು ಅತ್ತಿತ್ತ ಹೋದ ಮೇಲೂ ಹಾಲ್‌ನ ನಡುವೆ ಕುರ್ಚಿ ಉಳಿದಿತ್ತು. ನಾವೆಲ್ ಅದರ ಸುತ್ತ ಒಂದು ಸುತ್ತು ಬಂದು ಸಾಯೆನ್‌ಳ ಬಳಿ ನಿಂತ. ಅಷ್ಟೆತ್ತರದ ಹುಡುಗ ಕುಗ್ಗಿಹೋಗಿದ್ದ.

"ಗೊತ್ತಿರ್ಲಿಲ್ಲ ಕಣೇ. ಕೈಗೆ ಸಿಕ್ಕಿದ್ದು ಎಳೆದೆ."

"ಗೊತ್ತು ಬಿಡೋ."

"ಇದನ್ನ ಕ್ಲಾಸಲ್ಲೇ ಇಡ್ಲಾ? ಒಂದು ರಿಬ್ಬನ್ ಕಟ್ಟಿ, ಅವನ ಹೆಸರು ಬರೆದು..."

"ಬೇಡ."

ಅವಳೇ ಕುರ್ಚಿಯನ್ನು ಎತ್ತಿಕೊಂಡಳು. ಅಂಗಳ ದಾಟುವಾಗ ಮಳೆ ಅವಳ ಕೂದಲಿನಿಂದ ಕುತ್ತಿಗೆಗೆ ಇಳಿಯಿತು. ಗೇಟಿನಲ್ಲಿ ಕುರ್ಚಿ ಕಿತ್ತ ಜಾಗ ಹಾಗೆಯೇ ತೆರೆದಿತ್ತು. ಅದರಾಚೆ ಕೆಳಗೆ ಬಂದರು, ಕಟ್ಟಿಹಾಕಿದ ದೋಣಿಗಳು ಕಾಣುತ್ತಿದ್ದವು. ಅವಳು ರಬ್ಬರ್ ಕಟ್ಟಿದ ಕಾಲು ಬೀದಿಗೆ ಕಾಣುವ ಹಾಗೆ ತಿರುಗಿಸಿ ಒಳಗೆ ತಳ್ಳಿದಳು. ಅರ್ಧಕ್ಕೆ ಸಿಕ್ಕಿಕೊಂಡಿತು. ನಾವೆಲ್ ಮುಂದೆ ಬಂದ. ಅವಳು ಮೊಣಕೈಯಿಂದಲೇ ಅವನನ್ನು ತಡೆದು, ಮೈಭಾರವೆಲ್ಲ ಹಾಕಿ ಒತ್ತಿದಳು. ಕುರ್ಚಿ ಉಳಿದವುಗಳ ನಡುವೆ ಕೂತಿತು.

ಕಬ್ಬಿಣ ಅಂಗೈ ಕೊರೆಯುವಷ್ಟು ತಣ್ಣಗಿತ್ತು. ಅವಳು ಕೈ ತೆಗೆಯಲಿಲ್ಲ.